ಸಹಾಯ ಬೇಕು: ತೈವಾನಿಗೆ ದುಡಿಯಲು ಹೋಗುವ ವಿಯೆಟ್ನಾಂ ಮಹಿಳೆಯರ ಕುರಿತ ಅಧ್ಯಯನಕ್ಕೆ

ಎಲ್ಲರಿಗೂ ನಮಸ್ಕಾರ. ಉತ್ತರ ವಿಯೆಟ್ನಾಮಿನ ಹಳ್ಳಿಗಳಿಂದ ತೈವಾನಿಗೆ ಹೋಗಿ, ಅಲ್ಲಿನ ಮನೆಗಳಲ್ಲಿ ವೃದ್ಧರ ಆರೈಕೆ ಮಾಡುವ ಮಹಿಳೆಯರ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. 1999ರಲ್ಲಿ ವಿಯೆಟ್ನಾಂ ಕಾರ್ಮಿಕರಿಗೆ ಅವಕಾಶ ಕೊಟ್ಟ ತೈವಾನ್, ಕೆಲಸ ಬಿಟ್ಟು ತಲೆಮರೆಸಿಕೊಳ್ಳುವವರು ಹೆಚ್ಚಾದರೆಂದು 2005ರಲ್ಲಿ ಮನೆಗೆಲಸದವರ ನೇಮಕ ನಿಲ್ಲಿಸಿ, 2015ರಲ್ಲಷ್ಟೇ ಮತ್ತೆ ಆರಂಭಿಸಿತು. ಈ ಕಾರಣ ನನಗೆ ಅರ್ಧಸತ್ಯವೆನಿಸುತ್ತದೆ. ದಲ್ಲಾಳಿಗೆ ಕೊಡಲು ಮಾಡಿದ ಸಾಲ ಹೆಗಲ ಮೇಲಿರುವಾಗ, ಮನೆಯೊಳಗೆ ದುಡಿಯುವವರಿಗೆ ಅಲ್ಲಿನ ಕಾರ್ಮಿಕ ಮಾನದಂಡ ಕಾಯ್ದೆಯ ರಕ್ಷಣೆಯೂ ಇಲ್ಲದಿರುವಾಗ, ಹೆಚ್ಚು ಸಂಬಳ ಸಿಗುವ ಕಡೆ ಹೋಗುವುದು ಅಪರಾಧಕ್ಕಿಂತ ಲೆಕ್ಕಾಚಾರದಂತೆಯೇ ಕಾಣುತ್ತದೆ.

ಊರಲ್ಲಿ ಉಳಿದ ಗಂಡ ಅನ್ನಕ್ಕಿಟ್ಟು, ಮಗುವನ್ನು ಬೈಕಿನಲ್ಲಿ ಶಾಲೆಗೆ ಬಿಟ್ಟು, ರಾತ್ರಿ ವಿಡಿಯೋ ಕರೆಯಲ್ಲಿ ಹೆಂಡತಿಗೆ ಖರ್ಚಿನ ಲೆಕ್ಕ ಒಪ್ಪಿಸುವಂತಾದಾಗ ಮನೆಯ ಯಜಮಾನಿಕೆ ಯಾರ ಕೈಗೆ ಬರುತ್ತದೆ ಎಂಬುದು ನನ್ನ ಮುಖ್ಯ ಪ್ರಶ್ನೆ. (ನಮ್ಮ ಕರಾವಳಿಯ ಗಲ್ಫ್ ವಲಸೆಯೊಂದಿಗಿನ ಹೋಲಿಕೆ ಸದ್ಯಕ್ಕೆ ಬೇಡ, ಅಲ್ಲಿ ಹೆಚ್ಚಾಗಿ ಹೋದವರು ಗಂಡಸರು.)

2022ರಿಂದ ಜಾರಿಯಲ್ಲಿರುವ ವಿಯೆಟ್ನಾಮಿನ ಹೊಸ ವಲಸೆ ಕಾರ್ಮಿಕ ಕಾಯ್ದೆಯನ್ನು ಮೂಲದಲ್ಲೇ ಓದಲು ನೆರವಾಗಬಲ್ಲ ವಿಯೆಟ್ನಾಮಿ ಬಲ್ಲವರು ಗುಂಪಿನಲ್ಲಿದ್ದರೆ ದಯವಿಟ್ಟು ತಿಳಿಸಿ. ಹನೋಯ್ ಅಥವಾ ತೈಪೆಯಲ್ಲಿರುವ ಕನ್ನಡಿಗರು, ಮರಳಿ ಬಂದ ಮಹಿಳೆಯರನ್ನು ಅವರ ಒಪ್ಪಿಗೆ ಪಡೆದು ಮಾತನಾಡಿಸಲು ಯಾರ ಮೂಲಕ ಹೋಗುವುದು ಸೂಕ್ತವೆಂದು ಸೂಚಿಸಿದರೂ ಬಹಳ ಉಪಕಾರವಾಗುತ್ತದೆ.