ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ ಮಗುವಿನ ತಲೆಪೆಟ್ಟು ವಾಸಿಯಾದಂತೆಯೇ?

ಪ್ರಶ್ನೆ: ಶಿಕ್ಷಕಿ, ದಾವಣಗೆರೆ

ನಮ್ಮ ಶಾಲೆಯ ಆರನೇ ತರಗತಿಯ ಹುಡುಗನೊಬ್ಬ ತಂದೆಯ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಇಲ್ಲವೆಂದು ಆಸ್ಪತ್ರೆಯಿಂದ ಮನೆಗೆ ಕಳುಹಿಸಿದರು. ಆದರೆ ಚುರುಕಾಗಿ ಲೆಕ್ಕ ಬಿಡಿಸುತ್ತಿದ್ದ ಹುಡುಗ ಈಗ ಅರ್ಧ ಪೀರಿಯಡ್ ಕಳೆಯುವಷ್ಟರಲ್ಲಿ ತಲೆ ಹಿಡಿದು ಕೂರುತ್ತಾನೆ, ಸಣ್ಣ ಮಾತಿಗೂ ಸಿಡುಕುತ್ತಾನೆ. ಮನೆಯವರು ಇದನ್ನು ಸೋಮಾರಿತನವೆನ್ನುತ್ತಾರೆ. ಇಂಥ ಮಕ್ಕಳು ಬೇರೆಡೆಯೂ ಇದ್ದಾರೆಯೇ? ಶಾಲೆ ಏನು ಮಾಡಬೇಕು?

ಉತ್ತರ: ಮಕ್ಕಳ ವೈದ್ಯ, ದಾವಣಗೆರೆ

ಮೇಡಂ, ಅದನ್ನು ಸೋಮಾರಿತನವೆನ್ನಲು ದಯವಿಟ್ಟು ಬಿಡಬೇಡಿ. ಹಲವು ದೇಶಗಳ ಅಧ್ಯಯನಗಳ ಪ್ರಕಾರ ಪ್ರತಿ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 47ರಿಂದ 280 ಮಂದಿಯ ಮಿದುಳಿಗೆ ಪೆಟ್ಟಾಗುತ್ತದೆ. ಇವುಗಳಲ್ಲಿ ಶೇ. 80ಕ್ಕೂ ಹೆಚ್ಚು ‘ಸೌಮ್ಯ’ ಪೆಟ್ಟುಗಳು, ಅಂದರೆ 15 ಅಂಕಗಳ ಗ್ಲಾಸ್ಗೋ ಮಾಪನದಲ್ಲಿ 13 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವು. ಆ ಅಂಕ ತಿಳಿಸುವುದು ಪೆಟ್ಟಾದ ಹೊತ್ತಿನಲ್ಲಿ ಮಗುವಿಗೆ ಎಷ್ಟು ಎಚ್ಚರವಿತ್ತೆಂಬುದನ್ನು ಮಾತ್ರ. ಮುಂದಿನ ತಿಂಗಳ ಓದಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಸಿ.ಟಿ. ಕೂಡ ರಕ್ತಸ್ರಾವವನ್ನೂ ಮೂಳೆಯ ಬಿರುಕನ್ನೂ ತೋರಿಸುತ್ತದೆಯೇ ಹೊರತು, ಎಳೆತಕ್ಕೆ ಸಿಕ್ಕ ನರತಂತುಗಳ ಕೆಲಸ ಏರುಪೇರಾಗಿರುವುದು ಅದರಲ್ಲಿ ಕಾಣುವುದಿಲ್ಲ.

ಬಹುಪಾಲು ಮಕ್ಕಳು ಸುಮಾರು ನಾಲ್ಕು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮೊದಲ ಒಂದೆರಡು ದಿನ ವಿಶ್ರಾಂತಿ ಬೇಕು. ಆಮೇಲೂ ವಾರಗಟ್ಟಲೆ ಮಲಗಿಸಿಡುವುದರಿಂದ ಲಾಭವಿಲ್ಲ. ಅರ್ಧ ದಿನದ ಪಾಠ, ನಡುನಡುವೆ ಬಿಡುವು, ಪರೀಕ್ಷೆಗೆ ಹೆಚ್ಚಿನ ಸಮಯ, ಇಷ್ಟನ್ನು ಶಾಲೆ ಕೊಡಬಹುದು. ವೈದ್ಯರು ಒಪ್ಪುವವರೆಗೆ ಕಬಡ್ಡಿ ಬೇಡ, ಏಕೆಂದರೆ ಮಿದುಳು ಸುಧಾರಿಸುವ ಮೊದಲೇ ಬೀಳುವ ಇನ್ನೊಂದು ಪೆಟ್ಟು ಹೆಚ್ಚು ಅಪಾಯಕಾರಿ. ಪದೇ ಪದೇ ವಾಂತಿಯಾದರೆ, ಫಿಟ್ಸ್ ಬಂದರೆ, ತಲೆನೋವು ಏರುತ್ತಲೇ ಹೋದರೆ ಅಥವಾ ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಉತ್ತರ: ರಸ್ತೆ ಸುರಕ್ಷತಾ ಕಾರ್ಯಕರ್ತ, ಚಿತ್ರದುರ್ಗ

ಶ್ರೀಮಂತ ದೇಶಗಳಲ್ಲಿ ಕಾರಿನೊಳಗಿದ್ದ ಮಕ್ಕಳಿಗೆ ಪೆಟ್ಟಾಗುವುದು ಹೆಚ್ಚು. ಏಷ್ಯಾ, ಆಫ್ರಿಕಾಗಳಲ್ಲಿ ನಡೆದು ಹೋಗುವ ಮಕ್ಕಳಿಗೆ ವಾಹನ ಬಡಿಯುವುದೇ ಹೆಚ್ಚು. ನಮ್ಮಲ್ಲಿ ದ್ವಿಚಕ್ರ ವಾಹನವೂ ಸೇರುತ್ತದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರಿಂದ ಜಾರಿಯಲ್ಲಿದೆ. ನಾಲ್ಕು ದಾಟಿದವರಿಗೆ ಹೆಲ್ಮೆಟ್ ಹೇಗೂ ಕಡ್ಡಾಯ. ಹಾಗಿದ್ದರೂ ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಯಲ್ಲಿ ಅಪ್ಪನ ತಲೆಗಷ್ಟೇ ಹೆಲ್ಮೆಟ್ ಇದ್ದು, ಪೆಟ್ರೋಲ್ ಟ್ಯಾಂಕಿನ ಮೇಲೆ ಮಗು ಬರಿದಲೆಯಲ್ಲಿ ಕೂತಿರುವುದನ್ನು ಕಂಡಾಗ ಸಂಕಟವಾಗುತ್ತದೆ.

ಪ್ರತಿಕ್ರಿಯೆ: ತಾಯಿ, ಹೊಳಲ್ಕೆರೆ

ಡಾಕ್ಟರೇ, ನನ್ನ ಮಗಳು ಮೂರನೇ ವಯಸ್ಸಿನಲ್ಲಿ ಮಾಳಿಗೆಯಿಂದ ಬಿದ್ದಿದ್ದಳು. ನಡಿಗೆ, ಮಾತು ಎಲ್ಲವೂ ಸರಿಹೋಯಿತು. ಈಗ ಐದನೇ ತರಗತಿಯಲ್ಲಿ ಏಕಾಗ್ರತೆಯೇ ನಿಲ್ಲುತ್ತಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿರಬಹುದೇ?

ಉತ್ತರ: ಮಕ್ಕಳ ವೈದ್ಯ, ದಾವಣಗೆರೆ

ಇರಬಹುದು, ತಾಯಿ, ಅದರಲ್ಲೂ ಪೆಟ್ಟು ಜೋರಾಗಿದ್ದರೆ. ಯೋಜಿಸುವ, ಗಮನ ಹಿಡಿದಿಡುವ ಮಿದುಳಿನ ಮುಂಭಾಗ ಬೆಳೆದು ಮುಗಿಯುವುದು ಇಪ್ಪತ್ತರ ನಂತರ. ಆದ್ದರಿಂದ ಎಳವೆಯ ಹಾನಿ, ಓದು ಕಠಿಣವಾದಾಗ ಮೊದಲ ಬಾರಿಗೆ ಕಾಣಿಸಿಕೊಳ್ಳಬಹುದು. ಕಣ್ಣು, ಕಿವಿ, ನಿದ್ದೆಯ ತೊಂದರೆಗಳೂ ಹೀಗೆಯೇ ತೋರಬಹುದಾದ್ದರಿಂದ ಅವನ್ನೂ ಪರೀಕ್ಷಿಸಬೇಕು. ಅಂದಿನ ಡಿಸ್ಚಾರ್ಜ್ ಚೀಟಿ ಹುಡುಕಿಟ್ಟುಕೊಂಡು ಮಕ್ಕಳ ನರರೋಗ ತಜ್ಞರನ್ನು ಕಾಣಿರಿ. ಅವಳ ಶಾಲೆಗೂ ಆ ಚೀಟಿಯ ಒಂದು ಪ್ರತಿಯನ್ನು ಕೊಡಿ.