ಪದಚರ್ಚೆ: ಸ್ಕೇಲಬಲ್ ಕ್ಲಸ್ಟರ್‌ಗೆ ಕನ್ನಡದಲ್ಲಿ ಏನು? (ತುರ್ತು)

ಪ್ರಶ್ನೆ:
ಸ್ಕೇಲಬಲ್ ಕ್ಲಸ್ಟರ್ ಕಂಪ್ಯೂಟಿಂಗ್ (ಹಲವು ಕಂಪ್ಯೂಟರ್‌ಗಳನ್ನು ಜೋಡಿಸಿ ಒಂದೇ ಕೆಲಸಕ್ಕೆ ಹಚ್ಚೋದು, ಬೇಕಾದಾಗ ಇನ್ನಷ್ಟು ಸೇರಿಸೋದು) ಮುಂದೆ ಎತ್ತ ಸಾಗುತ್ತದೆ ಅನ್ನೋ ಲೇಖನ ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಕೊಡಬೇಕು. ‘ಬೆಳೆಸಬಲ್ಲ ಗಣಕ ಸಮೂಹ’ ಅಂತ ಹಾಕಿದ್ದೇನೆ, ನಡೆಯುತ್ತಾ? ಪ್ರಿಡಿಕ್ಷನ್‌ಗೆ ‘ಭವಿಷ್ಯ’ ಅಂದರೆ ಜಾತಕ ನೆನಪಾಗುತ್ತೆ.

ಉತ್ತರ:
ನಡೆಯಲ್ಲ. ‘ಬಲ್ಲ’ ಮಾಡುವವನ ಶಕ್ತಿಯನ್ನು ಹೇಳುತ್ತದೆ. ನಿಮ್ಮ ಸಮೂಹ ಏನನ್ನು ಬೆಳೆಸುತ್ತದೆ? ಯಂತ್ರ ಸೇರಿಸಿ ದೊಡ್ಡದು ಮಾಡೋದು ನಾವು. ಹಾಗಾಗಿ ‘ಹಿಗ್ಗಿಸಬಹುದಾದ’. ಕ್ಲಸ್ಟರ್‌ಗೆ ‘ಗೊಂಚಲು’. ಗೊಂಚಲಿನಲ್ಲಿ ಒಂದೊಂದು ಹಣ್ಣೂ ಬೇರೆ, ತೊಟ್ಟು ಒಂದೇ. 1994ರಲ್ಲಿ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಕಟ್ಟಿದ ಬೇವುಲ್ಫ್ ಅನ್ನೋ ಕ್ಲಸ್ಟರ್ ಹಾಗೇ ಇತ್ತು. 16 ಮಾಮೂಲಿ ಯಂತ್ರಗಳು, ಪ್ರತಿಯೊಂದಕ್ಕೂ ತನ್ನದೇ ಮೆಮೊರಿ, ನಡುವೆ ಅವನ್ನು ಜೋಡಿಸುವ ಈಥರ್ನೆಟ್ ಜಾಲ. ‘ಸಮೂಹ’ದಲ್ಲಿ ಆ ತೊಟ್ಟೇ ಕಾಣಲ್ಲ. ಪ್ರಿಡಿಕ್ಷನ್‌ಗೆ ‘ಮುನ್ನೋಟ’ ಸಾಕು.

ಮತ್ತೊಬ್ಬರ ಉತ್ತರ:
ಗೊಂಚಲು ಬೇಡ. ಈ ಕೆಲಸ ಮಾಡುವವರೆಲ್ಲ ಕ್ಲಸ್ಟರ್ ಅಂತಲೇ ಅನ್ನೋದು. ಕುರ್ಚಿ, ಕಾಗದ ಹೊರಗಿನಿಂದಲೇ ಬಂದವು, ಕನ್ನಡ ಮುಳುಗಲಿಲ್ಲ. ಇನ್ನು ‘ಹಿಗ್ಗಿಸಬಹುದಾದ’ ಅರ್ಥವನ್ನೇ ಕೆಡಿಸುತ್ತದೆ. ಯಂತ್ರ ಎಷ್ಟು ಬೇಕಾದರೂ ಸೇರಿಸಬಹುದು, ವೇಗ ಕೂಡಬೇಕಲ್ವಾ? ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಇದನ್ನು ಎತ್ತಿದ್ದರು. ಕೆಲಸದ ನೂರಕ್ಕೆ 5 ಪಾಲು ಒಂದಾದ ಮೇಲೊಂದು ನಡೆಯಲೇಬೇಕು ಅನ್ನಿ. ಆಗ ಸಾವಿರ ಯಂತ್ರ ಇಟ್ಟರೂ ವೇಗ 20 ಪಟ್ಟು ದಾಟಲ್ಲ. ಹಿಗ್ಗಿಸಿದ್ದಾಯಿತು, ಸ್ಕೇಲ್ ಆಗಲಿಲ್ಲ. 2005ರ ಸುಮಾರಿಗೆ ಚಿಪ್‌ಗಳ ಕ್ಲಾಕ್ ವೇಗ (ಸೆಕೆಂಡಿಗೆ ಎಷ್ಟು ಮಿಡಿತ ಅನ್ನೋದು) ಏರೋದು ಬಹುತೇಕ ನಿಂತಿತು. ಹಾಗಾಗಿ ಒಂದೇ ಚಿಪ್ ನೆಚ್ಚಿ ಕೂರುವಂತಿಲ್ಲ, ಕೆಲಸ ಹಂಚಲೇಬೇಕು. ಮುನ್ನೋಟ ಬರೆಯುವವರು ಈ ಲೆಕ್ಕದ ಸುತ್ತಲೇ ಬರೆಯಬೇಕು.

ಮೊದಲು ಉತ್ತರಿಸಿದವರು:
ಕುರ್ಚಿ ಜನರ ಬಾಯಲ್ಲಿ ಪಳಗಿ ಬಂತು. ‘ಸ್ಕೇಲಬಲ್’ ಹಾಗಲ್ಲ. ಅದರ ಬೆನ್ನಿಗೆ ‘ಸ್ಕೇಲಬಿಲಿಟಿ’ಯನ್ನೂ ಹೊತ್ತು ತರಬೇಕು. ‘ಹಿಗ್ಗು’ ಅಂದರೆ ಹಿಗ್ಗುವ, ಹಿಗ್ಗಿಸುವ, ಹಿಗ್ಗಿಕೆ ಎಲ್ಲ ನಮ್ಮಲ್ಲೇ ಹುಟ್ಟುತ್ತವೆ. ಆಮ್ಡಾಲ್ ಲೆಕ್ಕ ಲೇಖನದ ಒಳಗೆ ಬರಲಿ. ಎಲ್ಲವನ್ನೂ ಒಂದೇ ಪದದ ತಲೆಗೆ ಕಟ್ಟಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ತಲೆಬರಹಕ್ಕೆ ‘ಹಿಗ್ಗುವ ಕ್ಲಸ್ಟರ್‌ಗಳು: ಒಂದು ಮುನ್ನೋಟ’ ಅಂತ ಇಡುತ್ತೇನೆ. ಮೊದಲ ಸಲ ಬಂದಾಗ ‘ಯಂತ್ರ ಸೇರಿಸಿದಷ್ಟೂ ವೇಗ ಕೂಡುವ’ ಅಂತ ಬಿಡಿಸಿ ಹೇಳುತ್ತೇನೆ. ನೋಡ್‌ಗೆ, ಅಂದರೆ ಕ್ಲಸ್ಟರ್‌ನ ಒಂದೊಂದು ಯಂತ್ರಕ್ಕೆ, ಏನು ಹಾಕಲಿ? ‘ಗಂಟು’ ಬೇಡ, ದಯವಿಟ್ಟು.