ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಮೊದಲ ಗವರ್ನರ್ ಜಾನ್ ಹೂಬ್ಲನ್: ವಲಸೆಯ ಮನೆತನ ಮತ್ತು ನೌಕಾಪಡೆಯ ನಂಟು

ಪ್ರಶ್ನೆ:
ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಮೊದಲ ಗವರ್ನರ್ ಸರ್ ಜಾನ್ ಹೂಬ್ಲನ್ ಅವರು ಹ್ಯೂಗನಾಟ್ (ಫ್ರಾನ್ಸಿನ ಪ್ರಾಟೆಸ್ಟೆಂಟ್ ಕ್ರೈಸ್ತ) ಮೂಲದವರೆಂದು ಓದಿದ್ದೇನೆ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ, ಅವರಿಗೆ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟಿದ್ದ ನಾಂಟ್ ಶಾಸನವನ್ನು 1685ರಲ್ಲಿ ರದ್ದುಪಡಿಸಿದ ಮೇಲೆ ಫ್ರಾನ್ಸಿನ ಪ್ರಾಟೆಸ್ಟೆಂಟರು ಇಂಗ್ಲೆಂಡಿಗೆ ಗುಂಪುಗುಂಪಾಗಿ ಬಂದರು. ಬ್ಯಾಂಕು ಸ್ಥಾಪನೆಯಾದದ್ದು 1694ರಲ್ಲಿ. ಒಂಬತ್ತೇ ವರ್ಷಗಳಲ್ಲಿ ವಲಸಿಗರೊಬ್ಬರು ಈ ಹುದ್ದೆಗೇರಿದ್ದು ಹೇಗೆ? ಅದೇ ಕಾಲದಲ್ಲಿ ಅವರು ನೌಕಾಪಡೆಯ ಆಡಳಿತ ಮಂಡಳಿಯಲ್ಲೂ ಇದ್ದದ್ದು ಏಕೆ?

ಉತ್ತರ 1:
ಹೂಬ್ಲನ್ ವಲಸೆ ಬಂದವರಲ್ಲ, 1632ರಲ್ಲಿ ಲಂಡನ್ನಿನಲ್ಲೇ ಹುಟ್ಟಿದವರು. ಅವರ ಪೂರ್ವಿಕರು ಇಂದು ಫ್ರಾನ್ಸಿನಲ್ಲಿರುವ ಲೀಲ್ ನಗರದವರು. ಆ ಊರು ಸ್ಪೇನಿನ ಆಳ್ವಿಕೆಯಲ್ಲಿದ್ದ ಹದಿನಾರನೆಯ ಶತಮಾನದಲ್ಲೇ, ಧಾರ್ಮಿಕ ಕಿರುಕುಳ ತಾಳಲಾರದೆ ಇಂಗ್ಲೆಂಡ್ ಸೇರಿದ್ದರು. ಹಾಗಾಗಿ ಅವರನ್ನು ವಲೂನ್ (ಸ್ಪೇನಿನ ಅಧೀನದಲ್ಲಿದ್ದ ಆ ಸೀಮೆಯ ಫ್ರೆಂಚ್ ಮಾತಿನ) ಪ್ರಾಟೆಸ್ಟೆಂಟರೆನ್ನುವುದು ಹೆಚ್ಚು ಸರಿ. ತಂದೆ ಜೇಮ್ಸ್, ಥ್ರೆಡ್‌ನೀಡಲ್ ಬೀದಿಯ ಫ್ರೆಂಚ್ ಚರ್ಚಿನ ಹಿರಿಯರಲ್ಲೊಬ್ಬರು. ಮಕ್ಕಳು ಸ್ಪೇನ್, ಪೋರ್ಚುಗಲ್‌ಗಳೊಡನೆ ಹಡಗಿನ ವ್ಯಾಪಾರ ನಡೆಸಿ ಹೆಸರು ಮಾಡಿದರು. ಜಾನ್ ಅವರೊಡನೆ ಸಹೋದರರಾದ ಜೇಮ್ಸ್, ಅಬ್ರಹಾಂ ಕೂಡ ಬ್ಯಾಂಕಿನ ನಿರ್ದೇಶಕರಾದರು.

ಉತ್ತರ 2:
ನೌಕಾಪಡೆಯ ವಿಷಯವೇ ಇಲ್ಲಿ ಮುಖ್ಯವೆಂದು ನನ್ನ ಅಭಿಪ್ರಾಯ. 1690ರಲ್ಲಿ ಬೀಚಿ ಹೆಡ್ ಬಳಿಯ ಸಮುದ್ರಯುದ್ಧದಲ್ಲಿ ಫ್ರೆಂಚರ ಕೈಯಲ್ಲಿ ಸೋತ ಇಂಗ್ಲೆಂಡಿಗೆ ಹಡಗುಗಳು ಬೇಕಿದ್ದವು, ಆದರೆ ದೊರೆ ಮೂರನೆಯ ವಿಲಿಯಂನ ಸರ್ಕಾರಕ್ಕೆ ಕಡಿಮೆ ಬಡ್ಡಿಗೆ ಸಾಲ ಹುಟ್ಟುತ್ತಿರಲಿಲ್ಲ. ಬ್ಯಾಂಕಿನ ಷೇರುದಾರರು ಎರಡು ವಾರ ತುಂಬುವ ಮೊದಲೇ 12 ಲಕ್ಷ ಪೌಂಡ್ ಒದಗಿಸಲು ಮುಂದೆ ಬಂದರು. ಅದಕ್ಕೆ ಪ್ರತಿಯಾಗಿ ಸರ್ಕಾರ ಶೇಕಡಾ 8ರ ಬಡ್ಡಿಯನ್ನೂ ನಿರ್ವಹಣೆಗೆಂದು 4,000 ಪೌಂಡನ್ನೂ ಸೇರಿಸಿ ವರ್ಷಕ್ಕೆ 1 ಲಕ್ಷ ಪೌಂಡ್ ಕೊಡಬೇಕಾಗಿತ್ತು. ಸಾಲ ಕೊಡುವ ಸಂಸ್ಥೆಯ ಮುಖ್ಯಸ್ಥರೇ 1694ರಿಂದ 1699ರವರೆಗೆ ನೌಕಾಪಡೆಯ ಮಂಡಳಿಯಲ್ಲಿದ್ದದ್ದು ಆಕಸ್ಮಿಕವೆನಿಸುವುದಿಲ್ಲ. ಇದರ ನಡುವೆ 1695ರಲ್ಲಿ ಅವರು ಲಂಡನ್ನಿನ ಲಾರ್ಡ್ ಮೇಯರ್ ಕೂಡ ಆದರು.

ಉತ್ತರ 3:
ಅವರ ಅವಧಿಯ ಕಷ್ಟಗಳನ್ನೂ ಹೇಳಲೇಬೇಕು. 1695ರ ಜುಲೈನಲ್ಲಿ ಉಪ ಗವರ್ನರ್ ಮೈಕೆಲ್ ಗಾಡ್‌ಫ್ರೆ, ಸೈನ್ಯದ ಹಣದ ವ್ಯವಸ್ಥೆಗೆಂದು ಹೋಗಿದ್ದಾಗ, ಫ್ರೆಂಚರ ವಶದಲ್ಲಿದ್ದ ನಮೂರ್ ಪಟ್ಟಣದ (ಇಂದಿನ ಬೆಲ್ಜಿಯಂ) ಮುತ್ತಿಗೆಯ ಕಂದಕದಲ್ಲಿ ದೊರೆ ವಿಲಿಯಂನ ಸಮೀಪದಲ್ಲೇ ಫಿರಂಗಿ ಗುಂಡಿಗೆ ಬಲಿಯಾದರು. ಮರುವರ್ಷ ಸರ್ಕಾರವು, ಅಂಚು ಕತ್ತರಿಸಿಕೊಂಡು ತೂಕ ಕಳೆದುಕೊಂಡಿದ್ದ ಬೆಳ್ಳಿ ನಾಣ್ಯಗಳನ್ನು ಹಿಂತೆಗೆದುಕೊಂಡಿತು. ಹೊಸ ನಾಣ್ಯಗಳು ಟಂಕಸಾಲೆಯಿಂದ ಸಾಕಷ್ಟು ಹೊರಬರುವ ಮೊದಲೇ, ಮೇ ತಿಂಗಳಲ್ಲಿ ಜನರು ನೋಟು ಹಿಡಿದು ಬ್ಯಾಂಕಿಗೆ ಮುಗಿಬಿದ್ದರು; ಬ್ಯಾಂಕು ಪೂರ್ತಿ ನಗದು ಕೊಡಲಾಗದೆ ಪಾವತಿಯನ್ನು ಮಿತಗೊಳಿಸಬೇಕಾಯಿತು. ಆ ಬಿಕ್ಕಟ್ಟಿನಲ್ಲಿ ಸಂಸ್ಥೆ ಮುಳುಗದಂತೆ ಕಾಪಾಡಿದ್ದನ್ನೇ ನಾನು ಹೂಬ್ಲನ್ನರ ದೊಡ್ಡ ಸಾಧನೆಯೆಂದು ಎಣಿಸುತ್ತೇನೆ. ಅವರು 1712ರಲ್ಲಿ ತೀರಿಕೊಂಡರು. ಥ್ರೆಡ್‌ನೀಡಲ್ ಬೀದಿಯಲ್ಲಿ ಅವರ ಮನೆಯಿದ್ದ ನಿವೇಶನಕ್ಕೇ ಬ್ಯಾಂಕು 1734ರಲ್ಲಿ ಸ್ಥಳಾಂತರಗೊಂಡಿತು. 1994ರಲ್ಲಿ ಹೊರಬಂದ 50 ಪೌಂಡ್ ನೋಟಿನ ಮೇಲೆ ಅವರ ಭಾವಚಿತ್ರದೊಡನೆ ಆ ಮನೆಯ ಚಿತ್ರವೂ ಇತ್ತು.